ಬಲವನ್ನು ಕೂಡಿಸುವ ಮುನ್ನ

ಮನುಷ್ಯನು ತನ್ನ ಬಲವನ್ನು ಹೆಚ್ಚಿಸಿಕೊಳ್ಳುವುದು ದೋಷವೇ? ಪ್ರಶ್ನೆ ಹಳೆಯದು. ಎತ್ತನ್ನು ನೊಗಕ್ಕೆ ಹೂಡಿದ ದಿನದಿಂದ, ಗಾಳಿಗೆ ಹಾಯಿ ಬಿಚ್ಚಿದ ದಿನದಿಂದ ಅವನು ತನ್ನ ತೋಳಿಗೆ ಮೀರಿದ ಬಲವನ್ನು ಹೊರಗಿನಿಂದ ತಂದುಕೊಳ್ಳುತ್ತಲೇ ಬಂದಿದ್ದಾನೆ. ಬಲವೆಂಬುದು ತಾನಾಗಿ ಪಾಪವೂ ಅಲ್ಲ, ಪುಣ್ಯವೂ ಅಲ್ಲ. ಆದರೆ ಬಲ ಬಂದಾಗ ಅದರ ಬೆನ್ನಿಗೇ ತಡೆಯೂ ಬಂದಿತೇ ಎಂದು ವಿಚಾರಿಸುವವರು ವಿರಳ. ದೊಡ್ಡ ಯಂತ್ರಗಳ ವಿಷಯದಲ್ಲಿ ಹೀಗೆ ಕೇಳಿದರೆ ಉತ್ತರದ ಹೊಣೆ ಸರ್ಕಾರಗಳ, ಕಾರ್ಖಾನೆಗಳ ಪಾಲಿಗೆ ಹೋಗುತ್ತದೆ, ಗೃಹಸ್ಥನು ಪಾರಾಗುತ್ತಾನೆ. ಆದುದರಿಂದ ಗೃಹಸ್ಥನೇ ತನ್ನ ಮನೆಯ ಅಂಗಳದಲ್ಲಿ, ತನ್ನ ಕೈಯಿಂದಲೇ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದೆ. ಅದು, ಹಳೆಯ ಕ್ರೂಸರ್ ಸೈಕಲ್ಲಿಗೆ ವಿದ್ಯುತ್ ಮೋಟಾರು ಜೋಡಿಸುವ ಕೆಲಸ.

ನಮ್ಮ ಸಮಾಜದ ಅನೇಕ ಕುಟುಂಬಗಳ ಮಕ್ಕಳು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ಕ್ಯಾಲಿಫೋರ್ನಿಯಾದ ಮಿಲ್ಪಿಟಸ್ ಮತ್ತು ಬ್ಯೂನಾ ಪಾರ್ಕ್‌ಗಳಲ್ಲಿ ಜಿನಮಂದಿರಗಳಿವೆ. ಆ ಸೀಮೆಯ ಕಡಲತೀರದ ಊರುಗಳಲ್ಲಿ ಕ್ರೂಸರ್ ಸೈಕಲ್ಲು ಮನೆಮನೆಯ ವಸ್ತು. ದಪ್ಪ ಟೈರು, ಅಗಲವಾದ ಆಸನ, ಸವಾರನು ಬೆನ್ನು ನೆಟ್ಟಗಿರಿಸಿ ಕೂರುವಂತೆ ಹಿಂದಕ್ಕೆ ಬಾಗಿದ ಹ್ಯಾಂಡಲ್, ಒಂದೇ ಗೇರು, ಸುಮಾರು 20 ಕಿಲೋ ತೂಕದ ಉಕ್ಕಿನ ಮೈ. ಆತುರವಿಲ್ಲದೆ ವಿಹರಿಸುವುದಕ್ಕೆಂದೇ ರೂಪುಗೊಂಡ ವಾಹನವಿದು; ಹೆಸರಿನ ಅರ್ಥವೂ ಅದೇ.

ಇದರ ಹುಟ್ಟಿನ ಕಥೆ ಕುತೂಹಲಕರವಾಗಿದೆ. ಅಮೆರಿಕವು ಆರ್ಥಿಕ ಮುಗ್ಗಟ್ಟಿನಲ್ಲಿ ತತ್ತರಿಸುತ್ತಿದ್ದ 1933ರಲ್ಲಿ ಷಿಕಾಗೋ ನಗರದ ಶ್ವಿನ್ ಕಂಪನಿಯು ಎರಡು ಅಂಗುಲಕ್ಕೂ ಮಿಗಿಲು ಅಗಲದ ಬಲೂನ್ ಟೈರಿನ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ಅದರ ಮಾದರಿ ಮೋಟಾರ್ ಸೈಕಲ್ಲು. 1934ರ ಏರೋಸೈಕಲ್ ಎಂಬ ಮಾದರಿಯಲ್ಲಿ ಪೆಟ್ರೋಲು ಟ್ಯಾಂಕಿನಂತೆ ಕಾಣುವ ತಗಡಿನ ಡಬ್ಬವೊಂದನ್ನು ಅಡ್ಡಕೊಳವೆಗಳ ನಡುವೆ ಕೂರಿಸಿದ್ದರು. ಅದರೊಳಗೆ ಪೆಟ್ರೋಲು ಇರಲಿಲ್ಲ, ಎಂಜಿನ್ನೂ ಇರಲಿಲ್ಲ. ಮೋಟಾರ್ ಸೈಕಲ್ಲು ಕೊಳ್ಳಲಾರದ ಕಾಲದಲ್ಲಿ ಅದರ ಆಸೆಯನ್ನು ಮಾತ್ರ ಮಕ್ಕಳಿಗೆ ಮಾರಲಾಯಿತು. ಇಲ್ಲದ ಬಲದ ವೇಷವನ್ನು ಅಂದು ಧರಿಸಿದ್ದ ಸೈಕಲ್ಲಿಗೆ, ತೊಂಬತ್ತು ವರ್ಷಗಳ ತರುವಾಯ, ಮನೆಯ ಷೆಡ್ಡಿನಲ್ಲಿ ನಿಜವಾದ ಮೋಟಾರನ್ನು ಜೋಡಿಸಲಾಗುತ್ತಿದೆ. ಆಸೆಯು ಅದೆಷ್ಟು ದೀರ್ಘಾಯು ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಈ ಸೈಕಲ್ಲಿನ ರಚನೆಯಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಹಳೆಯ ಕ್ರೂಸರಿಗೆ ಕೈಬ್ರೇಕು ಸಾಮಾನ್ಯವಾಗಿ ಇರುವುದಿಲ್ಲ. ಪೆಡಲನ್ನು ಮುಂದಕ್ಕೆ ತುಳಿದರೆ ಅದು ಸಾಗುತ್ತದೆ, ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ಹಿಂಚಕ್ರದ ಹಬ್ಬಿನೊಳಗೆ ಅಡಗಿರುವ ಈ ಏರ್ಪಾಟಿಗೆ ಕೋಸ್ಟರ್ ಬ್ರೇಕ್ ಎಂದು ಹೆಸರು. ಮುನ್ನಡೆಸುವ ಬಲವೂ ತಡೆಯುವ ಬಲವೂ ಇಲ್ಲಿ ಒಂದೇ ಕಾಲಿನಲ್ಲಿವೆ. ಕಾಲು ಎಷ್ಟು ವೇಗವನ್ನು ಹುಟ್ಟಿಸಬಲ್ಲದೋ ಹೆಚ್ಚುಕಡಿಮೆ ಅಷ್ಟನ್ನು ಅದೇ ಕಾಲು ಹಿಡಿಯಬಲ್ಲದು. ಅಷ್ಟೇ ಅಲ್ಲ, ಅದೇ ಕಾಲಿನಲ್ಲಿ ಮೂರನೆಯದೊಂದು ಗುಣವೂ ಇದೆ; ಅದು ಆಯಾಸ. ದಣಿದ ಕಾಲು ಸವಾರನನ್ನು ಮನೆಗೆ ತಿರುಗಿಸುತ್ತದೆ. ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ವೇಗ ಎಂಬ ಮೂರಕ್ಕೂ ಯಾರೂ ಹೇಳದೆಯೇ ಎಲ್ಲೆ ಹಾಕಿಟ್ಟಂತಿದೆ.

ಈ ಸಮತೋಲ ತಪ್ಪಿದರೆ ಆಗುವುದೇನೆಂದು ಕ್ಯಾಲಿಫೋರ್ನಿಯಾದವರೇ ಒಮ್ಮೆ ಕಂಡುಕೊಂಡರು. 1970ರ ದಶಕದಲ್ಲಿ ಮರೀನ್ ಜಿಲ್ಲೆಯ ಕೆಲವು ತರುಣರು ಹಳೆಯ ಬಲೂನ್ ಟೈರಿನ ಸೈಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಒಯ್ದು ಇಳಿಜಾರಿನ ಮಣ್ಣುಹಾದಿಯಲ್ಲಿ ಧುಮುಕಿಸತೊಡಗಿದರು. 1976ರಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಅದು ಪಂದ್ಯವೇ ಆಯಿತು. ಇಳಿಜಾರಿನ ಬಲವನ್ನು ತಡೆಯುವಷ್ಟರಲ್ಲಿ ಕೋಸ್ಟರ್ ಹಬ್ಬು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಓಟದ ನಂತರ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ ಆ ಹಾದಿಗೆ ‘ರೀಪ್ಯಾಕ್’, ಅಂದರೆ ಮತ್ತೆ ತುಂಬುವುದು, ಎಂದೇ ಹೆಸರಾಯಿತು. ಮುಂದೆ ಬೆಟ್ಟಸೈಕಲ್ಲುಗಳು ಬೆಳೆದದ್ದು ಈ ಪ್ರಯೋಗಗಳಿಂದಲೇ. ಅವುಗಳಿಗೆ ಮೊದಲು ಸೇರಿದ ವಸ್ತುಗಳಲ್ಲಿ ಒಳ್ಳೆಯ ಕೈಬ್ರೇಕುಗಳೂ ಇದ್ದವು. ಕಾಲಿನದಲ್ಲದ ಬಲ ಬಂದಾಗ ಕಾಲಿನ ತಡೆ ಸಾಲದು. ಬೆಟ್ಟವು ಕಲಿಸಿದ ಪಾಠವಿದು. ಮೋಟಾರಿನ ವಿಷಯದಲ್ಲಿಯೂ ಇದೇ ಸತ್ಯ.

ಈಗ ಮೋಟಾರಿನ ಕಡೆಗೆ ಬರೋಣ. ಕಲ್ಪನೆ ಹೊಸದಲ್ಲ. ಒಹಾಯೋ ರಾಜ್ಯದ ಆಗ್ಡೆನ್ ಬೋಲ್ಟನ್ ಎಂಬಾತನಿಗೆ ಹಿಂಚಕ್ರದ ಹಬ್ಬಿನಲ್ಲಿ ಮೋಟಾರಿರುವ ಸೈಕಲ್ಲಿಗಾಗಿ 1895ರ ಡಿಸೆಂಬರ್ 31ರಂದೇ ಪೇಟೆಂಟು ದೊರಕಿತ್ತು. ಇಂದು ದೊರೆಯುವ ಜೋಡಣೆಯ ಸಾಮಗ್ರಿಯಲ್ಲಿ ಹಬ್ ಮೋಟಾರಿರುವ ಒಂದು ಚಕ್ರ, ವಿದ್ಯುತ್ತನ್ನು ಹದವರಿತು ಬಿಡುವ ಕಂಟ್ರೋಲರ್, ಬ್ಯಾಟರಿ, ಹ್ಯಾಂಡಲ್ ಮೇಲೆ ಕೂರುವ ಸಣ್ಣ ಫಲಕ, ಇಷ್ಟು ಇರುತ್ತದೆ. ಕೈಚಳಕವಿರುವವನು ಒಂದು ದಿನದಲ್ಲಿ ಜೋಡಿಸಿ ಮುಗಿಸಬಹುದು.

ಕೂಡಿಸಿಕೊಳ್ಳುವ ಬಲವೆಷ್ಟು? ಆರೋಗ್ಯವಂತನಾದ ಸಾಮಾನ್ಯ ಮನುಷ್ಯನು ಬಹಳ ಹೊತ್ತು ಎಡೆಬಿಡದೆ ತುಳಿಯುವಾಗ ಕೊಡಬಲ್ಲ ಶಕ್ತಿ 75ರಿಂದ 100 ವಾಟ್. 250 ವಾಟ್‌ನ ಮೋಟಾರೆಂದರೆ ಕಣ್ಣಿಗೆ ಕಾಣದ ಮೂವರು ಆಳುಗಳು ಅವನೊಡನೆ ತುಳಿದಂತೆ. 750 ವಾಟ್ ಎಂದರೆ ಎಂಟು ಹತ್ತು ಆಳುಗಳು. ಈ ಆಳುಗಳು ದಣಿಯುವುದಿಲ್ಲ, ಎದುರಾಡುವುದಿಲ್ಲ, ದಾರಿಯಲ್ಲಿ ಮಗು ಅಡ್ಡ ಬಂದಿತೆಂದು ತಾವಾಗಿ ಹಿಂಜರಿಯುವುದೂ ಇಲ್ಲ. ಇಂಥ ಆಳುಗಳನ್ನು ಮನೆಗೆ ಕರೆತರುವ ಯಜಮಾನನ ಹೊಣೆ ಸಣ್ಣದಲ್ಲ.

ಇಲ್ಲಿ ಮೊದಲನೆಯ ಪ್ರಶ್ನೆ ಏಳುತ್ತದೆ. ಹಳೆಯದನ್ನು ಪರಿವರ್ತಿಸುವುದು ಹೊಸದನ್ನು ಕೊಳ್ಳುವುದಕ್ಕಿಂತ ಅಪರಿಗ್ರಹಕ್ಕೆ ಹತ್ತಿರವೇ? ಮೇಲುನೋಟಕ್ಕೆ ಹೌದು. ಉಕ್ಕಿನ ಚೌಕಟ್ಟು ತುಕ್ಕು ಹಿಡಿಯದಂತೆ ನೋಡಿಕೊಂಡರೆ ಐವತ್ತು ವರ್ಷ ಬಾಳುತ್ತದೆ. ಅದನ್ನು ಗುಜರಿಗೆ ಹಾಕಿ ಇನ್ನೊಂದನ್ನು ತರುವುದು ವ್ಯರ್ಥ ಸಂಗ್ರಹ. ಆದರೆ ಲೆಕ್ಕ ಇಲ್ಲಿಗೆ ಮುಗಿಯದು. ಪರಿವರ್ತಿತ ಸೈಕಲ್ಲು ಯಾವುದರ ಬದಲಿಗೆ ಓಡುತ್ತದೆ ಎಂಬುದೇ ನಿರ್ಣಾಯಕ. ಸವಾರನೂ ಜೊತೆಗೆ ತುಳಿದರೆ ಇಂಥ ಸೈಕಲ್ಲು ಒಂದು ಕಿಲೋಮೀಟರಿಗೆ 10ರಿಂದ 15 ವಾಟ್-ಗಂಟೆ ವಿದ್ಯುತ್ತಿನಲ್ಲಿ ಸಾಗುತ್ತದೆ. ವಿದ್ಯುತ್ ಕಾರಿಗೆ ಅದೇ ದೂರಕ್ಕೆ 150ಕ್ಕೂ ಹೆಚ್ಚು ಬೇಕು. 36 ವೋಲ್ಟ್, 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ತುಂಬುವ 360 ವಾಟ್-ಗಂಟೆ ಶಕ್ತಿಯು ಸುಮಾರು 40 ಮಿಲಿಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿಗೆ ಸಮ. ಅಷ್ಟರಲ್ಲಿ 25ರಿಂದ 35 ಕಿಲೋಮೀಟರ್ ಪಯಣ ಸಾಧ್ಯ. ಮಂದಿರಕ್ಕೂ ಅಂಗಡಿಗೂ ಒಂಟಿಯಾಗಿ ಕಾರು ತೆಗೆಯುತ್ತಿದ್ದವನು ಅದನ್ನು ಬಿಟ್ಟು ಈ ಸೈಕಲ್ಲನ್ನು ಏರಿದರೆ ಅವನ ಪರಿಗ್ರಹವೂ ಹಿಂಸೆಯೂ ನಿಜವಾಗಿ ಕುಗ್ಗುತ್ತವೆ. ಕಾರು ಮೊದಲಿನಂತೆಯೇ ಓಡುತ್ತಿದ್ದು, ನಡಿಗೆ ಮಾತ್ರ ನಿಂತುಹೋದರೆ, ಹಳೆಯ ಸೈಕಲ್ಲನ್ನು ಉಳಿಸಿದೆನೆಂಬ ಸಮಾಧಾನ ಬರೀ ಮಾತು.

ಎರಡನೆಯ ಪ್ರಶ್ನೆ ತಡೆಯದು. ಪರಿವರ್ತನೆಯ ಅತಿ ಕಠಿಣವಾದ ಭಾಗ ಮೋಟಾರಲ್ಲ, ಬ್ರೇಕು. ಹಿಂಚಕ್ರದಲ್ಲಿ ಮೋಟಾರನ್ನು ಕೂರಿಸಿದರೆ ಕೋಸ್ಟರ್ ಹಬ್ಬಿರುವ ಹಳೆಯ ಚಕ್ರವನ್ನೇ ತೆಗೆಯಬೇಕಾಗುತ್ತದೆ. ಸೈಕಲ್ಲಿಗಿದ್ದ ಒಂದೇ ಬ್ರೇಕು ಅದರೊಡನೆ ಹೋಗುತ್ತದೆ. ಪೆಡಲಿನ ನಡುಭಾಗದಲ್ಲಿ ಮೋಟಾರು ಕೂರಿಸಿದರೆ, ಕೆಲವು ವಿಶೇಷ ಮಾದರಿಗಳ ಹೊರತು, ಹಿಂದಕ್ಕೆ ತುಳಿದ ಬಲ ಹಬ್ಬನ್ನು ಮುಟ್ಟುವುದೇ ಇಲ್ಲ. ಮುಂಚಕ್ರದ ಮೋಟಾರಾದರೆ ಕೋಸ್ಟರ್ ಬ್ರೇಕು ಉಳಿಯುತ್ತದೆ. ಆದರೆ ಅಲ್ಲಿಯೂ ಒಂದು ಅಪಾಯವಿದೆ. ಮೋಟಾರು ಸೈಕಲ್ಲುಗಳ ಕೈಬ್ರೇಕಿನ ಹಿಡಿಯಲ್ಲಿ, ಅದನ್ನು ಒತ್ತಿದೊಡನೆ ಮೋಟಾರನ್ನು ನಿಲ್ಲಿಸುವ ಸ್ವಿಚ್ಚು ಇರುತ್ತದೆ. ಕಾಲಿನ ಬ್ರೇಕಿಗೆ ಅಂಥ ಸ್ವಿಚ್ಚಿಲ್ಲ. ಹೆಬ್ಬೆರಳು ಥ್ರಾಟಲಿನ ಮೇಲೆಯೇ ಉಳಿದರೆ ಹಿಂದಿನಿಂದ ಕಾಲು ತಡೆಯುತ್ತದೆ, ಮುಂದಿನಿಂದ ಮೋಟಾರು ಎಳೆಯುತ್ತದೆ. ಒಂದೇ ದೇಹದಲ್ಲಿ ಎರಡು ಮನಸ್ಸುಗಳಿದ್ದಂತೆ.

ವೇಗವು ಎರಡು ಪಟ್ಟಾದರೆ ಚಲನೆಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದೇ ಬ್ರೇಕಿನಿಂದ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು. ಗಂಟೆಗೆ 16 ಕಿಲೋಮೀಟರ್ ವೇಗಕ್ಕೆ ಸಾಕಾಗಿದ್ದ ತಡೆ 32 ಕಿಲೋಮೀಟರಿಗೆ ಏನೇನೂ ಸಾಲದು. ಆದುದರಿಂದ ಮುಂಚಕ್ರಕ್ಕೆ ಸಮರ್ಥವಾದ ಕೈಬ್ರೇಕನ್ನು, ಮೋಟಾರು ನಿಲ್ಲಿಸುವ ಸ್ವಿಚ್ಚಿನೊಡನೆ, ಮೊದಲು ಹಾಕಿಸಬೇಕು. ಮುಂದಿನ ಫೋರ್ಕು ಉಕ್ಕಿನದಾಗಿರಬೇಕು. ಮೋಟಾರಿನ ತಿರುಚುವಿಕೆಗೆ ಅಚ್ಚು ತನ್ನ ಕಚ್ಚಿನಿಂದ ಹೊರಬೀಳದಂತೆ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿಯನ್ನು ಬಿಗಿಯಬೇಕು. ಮೋಟಾರಿಗೆ ನೂರಾರು ಡಾಲರು ಖರ್ಚು ಮಾಡಿದವನು ಬ್ರೇಕಿನಲ್ಲಿ ಹಣ ಉಳಿಸಲು ಹೋದರೆ, ಆ ಉಳಿತಾಯದ ಬೆಲೆಯನ್ನು ತೆರುವವನು ಅವನಾಗದೆ, ದಾರಿಯಲ್ಲಿ ನಡೆಯುವ ಮುದುಕನಾಗಬಹುದು. ಸಾಂತಾ ಮೋನಿಕಾದ ಮೂಲಕ ದಕ್ಷಿಣಕ್ಕೆ ಹಾದುಹೋಗುವ, ಸುಮಾರು 35 ಕಿಲೋಮೀಟರ್ ಉದ್ದದ ಕಡಲತೀರದ ಸೈಕಲ್ ಹಾದಿಯಲ್ಲಿ ಮಕ್ಕಳು, ವೃದ್ಧರು, ಸಾಕುನಾಯಿಗಳು ಎಲ್ಲರೂ ಅಡ್ಡ ಹಾಯುತ್ತಾರೆ.

ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆಯುವ ಈರ್ಯಾಸಮಿತಿಯು ಮುನಿಗಳ ಆಚಾರ. ಸಂಸಾರದಲ್ಲಿರುವವನಿಂದ ಅದನ್ನು ಅಕ್ಷರಶಃ ಯಾರೂ ಅಪೇಕ್ಷಿಸುವುದಿಲ್ಲ. ಆದರೆ ಅದರ ತಾತ್ಪರ್ಯ ಗೃಹಸ್ಥನಿಗೂ ಹೊರತಲ್ಲ. ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 9 ಮೀಟರ್ ನೆಲ ಗಾಲಿಯ ಕೆಳಗೆ ಸರಿದುಹೋಗುತ್ತದೆ. ಕಣ್ಣು ಕಾಣುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗವೇ ಧರ್ಮದ ವೇಗ. ಅದಕ್ಕೆ ಮೀರಿದ್ದು, ಕಾನೂನು ಒಪ್ಪಿದರೂ, ಪ್ರಮಾದವೇ ಸರಿ.

ಕಾನೂನಿನ ಮಾತು ಬಂದುದರಿಂದ ಮೂರನೆಯ ಪ್ರಶ್ನೆಗೆ ಬರೋಣ. ಎಲ್ಲೆಯನ್ನು ಹಾಕುವವರು ಯಾರು? 2016ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ ಸೈಕಲ್ಲುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗಿದೆ. ಮೊದಲ ಎರಡು ವರ್ಗಗಳಲ್ಲಿ ಮೋಟಾರಿನ ನೆರವು ಗಂಟೆಗೆ 20 ಮೈಲಿಗೆ, ಅಂದರೆ ಸುಮಾರು 32 ಕಿಲೋಮೀಟರಿಗೆ ನಿಲ್ಲಬೇಕು. ಮೂರನೆಯದರಲ್ಲಿ 28 ಮೈಲಿಗೆ. ಯುರೋಪಿನ ಬಹುತೇಕ ದೇಶಗಳಲ್ಲಿ ಸಾಮಾನ್ಯ ವಿದ್ಯುತ್ ಸೈಕಲ್ಲಿನ ಮಿತಿ 250 ವಾಟ್, 25 ಕಿಲೋಮೀಟರ್. ನಮ್ಮ ದೇಶದಲ್ಲಿಯೂ ಮೋಟಾರಿನ ಸಾಮರ್ಥ್ಯ 250 ವಾಟ್‌ಗಿಂತ, ವೇಗ 25 ಕಿಲೋಮೀಟರಿಗಿಂತ ಕಡಿಮೆಯಿದ್ದರೆ ಮಾತ್ರ ಅಂಥದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಕರ್ನಾಟಕದ ಊರುಗಳಲ್ಲಿ ಹಳೆಯ ಸೈಕಲ್ಲಿಗೆ ಮೋಟಾರು ಜೋಡಿಸಲು ಹೊರಟವರಿಗೂ ಈ ನಿಯಮ ಅನ್ವಯಿಸುತ್ತದೆ.

ಕಾರ್ಖಾನೆಯಿಂದ ಬಂದ ಸೈಕಲ್ಲಿನಲ್ಲಿ ಈ ಎಲ್ಲೆಯನ್ನು ಬೇರೊಬ್ಬರು ಕೂರಿಸಿರುತ್ತಾರೆ. ಮನೆಯಲ್ಲಿ ಪರಿವರ್ತಿಸಿದ ಸೈಕಲ್ಲಿನ ಸಂಗತಿ ಬೇರೆ. ಅನೇಕ ಜೋಡಣೆಗಳಲ್ಲಿ ಹ್ಯಾಂಡಲ್ ಮೇಲಿನ ಫಲಕದ ಗುಂಡಿಗಳನ್ನು ನಾಲ್ಕು ಸಲ ಒತ್ತಿದರೆ ವೇಗದ ಮಿತಿಯೇ ಬದಲಾಗುತ್ತದೆ. ನೋಡುವವರಿಲ್ಲ, ಕೇಳುವವರಿಲ್ಲ. ಮಾಡುವವನೂ ಅವನೇ, ಅಳೆಯುವವನೂ ಅವನೇ, ಅನುಭವಿಸುವವನೂ ಅವನೇ. ಈ ಏಕಾಂತವೇ ಇಡೀ ಪ್ರಸಂಗದ ನೈತಿಕ ಕೇಂದ್ರವೆಂದು ನನಗೆ ತೋರುತ್ತದೆ. ರಾಜಾಜ್ಞೆಗೂ ವ್ರತಕ್ಕೂ ಇರುವ ಭೇದ ಇದೇ ಅಲ್ಲವೇ? ಆಜ್ಞೆಯನ್ನು ಹೊರಗಿನವರು ವಿಧಿಸುತ್ತಾರೆ; ವ್ರತವನ್ನು, ಮೀರುವ ಅವಕಾಶ ಪೂರ್ಣವಾಗಿ ಇರುವವನು ತನಗೆ ತಾನೇ ವಿಧಿಸಿಕೊಳ್ಳುತ್ತಾನೆ. ಮೀರಲಾರದವನ ಮಿತಿ ಮಿತಿಯಲ್ಲ, ಅಶಕ್ತಿ. ಮೋಟಾರಿಲ್ಲದ ಸೈಕಲ್ಲಿನಲ್ಲಿ ನಿಧಾನವಾಗಿ ಹೋಗುವವನದು ಸ್ವಭಾವ. ಮೋಟಾರಿದ್ದೂ 25 ಕಿಲೋಮೀಟರಿಗೆ ತನ್ನ ಕೈಯಾರೆ ಎಲ್ಲೆ ಕಟ್ಟಿ, ಮತ್ತೆ ಆ ಗುಂಡಿಯನ್ನು ಮುಟ್ಟದವನದು ಸಂಯಮ.

ಗೃಹಸ್ಥನ ಗುಣವ್ರತಗಳಲ್ಲಿ ದಿಗ್ವ್ರತವಿದೆ, ಅನರ್ಥದಂಡ ವಿರತಿಯಿದೆ. ಯಾವ ದಿಕ್ಕಿನಲ್ಲಿ ಎಷ್ಟು ದೂರ ಎಂಬುದನ್ನು ಮೊದಲನೆಯದು ಗೊತ್ತುಪಡಿಸುತ್ತದೆ. ಪ್ರಯೋಜನವಿಲ್ಲದ ಹಿಂಸೆಯನ್ನು ಎರಡನೆಯದು ತಡೆಯುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜಕವಾದ ಅಲೆದಾಟವನ್ನು ಕೂಡ ಪ್ರಮಾದಚರ್ಯೆಯಲ್ಲಿ ಎಣಿಸಿದೆ. ವಿಹಾರಕ್ಕೆಂದೇ ಹುಟ್ಟಿದ ಸೈಕಲ್ಲಿನ ಬಗ್ಗೆ ಇದನ್ನು ನೆನೆಯುವುದು ಕಠೋರವೆನಿಸಬಹುದು. ಸಂಜೆಯ ಗಾಳಿಗೆ ಮೈಯೊಡ್ಡಿ ಅರ್ಧ ಗಂಟೆ ತುಳಿಯುವುದು ದೇಹಕ್ಕೂ ಮನಸ್ಸಿಗೂ ಹಿತ, ಅದನ್ನು ವ್ಯರ್ಥವೆನ್ನಲಾಗದು. ಆದರೆ ಅಲ್ಲಿ ಅಲೆದಾಟಕ್ಕೆ ಎಲ್ಲೆ ಹಾಕುತ್ತಿದ್ದುದು ಆಯಾಸ. ಮೋಟಾರು ಆಯಾಸವನ್ನು ಕಿತ್ತುಹಾಕುತ್ತದೆ. ದೇಹವು ಕಾಯುತ್ತಿದ್ದ ದಿಗ್ವ್ರತವನ್ನು ಇನ್ನು ಮನಸ್ಸೇ ಕಾಯಬೇಕಾಗುತ್ತದೆ. ಮನಸ್ಸಿಗೆ ಆ ಅಭ್ಯಾಸವಿಲ್ಲದಿದ್ದರೆ ಬ್ಯಾಟರಿ ಮುಗಿಯುವವರೆಗೂ ಗಾಲಿ ನಿಲ್ಲುವುದಿಲ್ಲ.

ನಾಲ್ಕನೆಯದು ಬ್ಯಾಟರಿ. ಕಣ್ಣೆದುರಿನ ಸೈಕಲ್ಲು ಹೊಗೆಯುಗುಳದೆ ನಿಶ್ಶಬ್ದವಾಗಿ ಸಾಗಿದರೂ ಅದರ ಹಿಂಸೆಯ ಒಂದು ಪಾಲು ಬಹು ದೂರದಲ್ಲಿ ನಡೆದಿರಬಹುದು. ಲಿಥಿಯಂ ಬ್ಯಾಟರಿಯ ಹಲವು ಬಗೆಗಳಲ್ಲಿ ಕೋಬಾಲ್ಟ್ ಇರುತ್ತದೆ. ಜಗತ್ತಿನ ಕೋಬಾಲ್ಟಿನ ಬಹುಭಾಗ ಆಫ್ರಿಕದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗಣಿಗಳಿಂದ ಬರುತ್ತದೆ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳು ದುಡಿಯುವುದನ್ನು ಆಮ್ನೆಸ್ಟಿ ಸಂಸ್ಥೆಯು 2016ರಲ್ಲಿಯೇ ಜಗತ್ತಿನ ಮುಂದಿಟ್ಟಿತು. ಇದಕ್ಕೆ ಪರ್ಯಾಯವಿದೆ. ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಅದು ಹೆಚ್ಚು ಕಾಲ ಬಾಳುತ್ತದೆ, ಬಿಸಿಗೆ ಸುಲಭವಾಗಿ ಕೆರಳುವುದಿಲ್ಲ. ತೂಕ ಮಾತ್ರ ತುಸು ಹೆಚ್ಚು. ಮೊದಲೇ 20 ಕಿಲೋ ತೂಗುವ ಕ್ರೂಸರಿಗೆ ಇನ್ನೊಂದೆರಡು ಕಿಲೋ ಭಾರವೇ? ವೇಗದ ಸೈಕಲ್ಲಿನವನು ಹೇಳುವ ನೆಪ ಇಲ್ಲಿ ನಡೆಯದು.

ನೆರೆಯವರ ಪ್ರಾಣದ ಮಾತೂ ಇದೆ. ನ್ಯೂಯಾರ್ಕ್ ನಗರದಲ್ಲಿ 2023ರಲ್ಲಿ ಲಿಥಿಯಂ ಬ್ಯಾಟರಿಗಳಿಂದ ಹೊತ್ತಿದ ಬೆಂಕಿಗಳಿಗೆ 18 ಜನರು ಬಲಿಯಾದರು. ಸುರಕ್ಷತೆಯ ಪ್ರಮಾಣಪತ್ರವಿಲ್ಲದ ವಿದ್ಯುತ್ ಸೈಕಲ್ಲು, ಬ್ಯಾಟರಿಗಳ ಮಾರಾಟವನ್ನು ಆ ನಗರವು ಅದೇ ವರ್ಷದ ಸೆಪ್ಟೆಂಬರ್‌ನಿಂದ ನಿಷೇಧಿಸಿತು. ಅಗ್ಗವೆಂದು ತಂದ ಅನಾಮಧೇಯ ಬ್ಯಾಟರಿಯನ್ನು ಹೊರಬಾಗಿಲ ಬಳಿ ರಾತ್ರಿಯಿಡೀ ಚಾರ್ಜಿಗೆ ಇಟ್ಟು ಮಲಗುವವನು ತನ್ನ ಮನೆಯವರ ದಾರಿಯನ್ನಷ್ಟೇ ಅಲ್ಲ, ಮೇಲಿನ ಮಹಡಿಯವರ ದಾರಿಯನ್ನೂ ಪಣಕ್ಕೆ ಒಡ್ಡಿದಂತೆ. ಮಂದಿರಗಳ ಟ್ರಸ್ಟಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಭಕ್ತರ ವಿದ್ಯುತ್ ಸೈಕಲ್ಲುಗಳಿಗೆ ಸ್ಥಳ ಕೊಡುವುದು ಸ್ವಾಗತಾರ್ಹ. ಕಾರುಗಳ ದಟ್ಟಣೆ ಅಷ್ಟರ ಮಟ್ಟಿಗೆ ತಗ್ಗುತ್ತದೆ. ಆದರೆ ಚಾರ್ಜಿನ ಏರ್ಪಾಟು ಮೆಟ್ಟಿಲ ಕೆಳಗೆ, ಭೋಜನಶಾಲೆಯ ಬಾಗಿಲಲ್ಲಿ, ಯಾತ್ರಿಕರು ಮಲಗುವ ಕೋಣೆಗಳ ಪಕ್ಕದಲ್ಲಿ ಇರಕೂಡದು. ಕಟ್ಟಡದಿಂದ ದೂರದಲ್ಲಿ, ಬಯಲಿನಲ್ಲಿ, ನೆರಳಿನಲ್ಲಿ, ಹಗಲು ಹೊತ್ತು, ಕಾಣುವವರ ಕಣ್ಣೆದುರಿನಲ್ಲಿ ಇರಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ಮೋಟಾರು ಬೇಡವೆಂದೇ ನಿರ್ಣಯಿಸಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಶ್ರಮವೇ ಪವಿತ್ರ, ನೆರವೇ ದೋಷ ಎಂಬ ಭಾವನೆ ನಮ್ಮಲ್ಲಿ ಕೆಲವರಿಗಿದೆ. ಅದು ಸರಿಯಲ್ಲ. ದೇಹವನ್ನು ನೋಯಿಸಿದ ಮಾತ್ರಕ್ಕೆ ತಪಸ್ಸಾಗದು; ಕಷಾಯಗಳು ಕ್ಷೀಣಿಸಬೇಕು. ಮಂಡಿನೋವಿನ ವೃದ್ಧರೊಬ್ಬರು ಏರುದಾರಿಯನ್ನು ಹತ್ತಲಾರದೆ, ಮಗ ಕಾರಿನಲ್ಲಿ ಕರೆದೊಯ್ಯುವವರೆಗೂ ಕಾದು ಕೂರುತ್ತಾರೆಂದು ಭಾವಿಸೋಣ. 250 ವಾಟ್‌ನ ನೆರವು ಅವರನ್ನು ಪರಾಧೀನತೆಯಿಂದ ಬಿಡಿಸುತ್ತದೆ, ಕಾರನ್ನೂ ನಿಲ್ಲಿಸುತ್ತದೆ. ಅವರಿಗೆ ಮೋಟಾರು ಊರುಗೋಲಿದ್ದಂತೆ. ಅದೇ ಮೋಟಾರು, ಅದೇ ಸೈಕಲ್ಲು, ಮಿತಿ ಕಿತ್ತ ಹದಿನೇಳರ ಹುಡುಗನ ಕೈಯಲ್ಲಿ ಆಯುಧವಾಗಬಹುದು. ವಸ್ತು ಒಂದೇ, ಪರಿಣಾಮವನ್ನು ನಿರ್ಣಯಿಸುವುದು ಪ್ರಯೋಜನ ಮತ್ತು ಪರಿಮಿತಿ. ಆದುದರಿಂದ ಎಲ್ಲರಿಗೂ ಒಂದೇ ವಿಧಿ, ಒಂದೇ ನಿಷೇಧ ಹೇಳುವುದು ಅನೇಕಾಂತ ದೃಷ್ಟಿಗೆ ಒಪ್ಪದು.

ಹಾಗಾದರೆ ಮಾಡತಕ್ಕದ್ದೇನು? ಕೆಲಸದ ಕ್ರಮದಲ್ಲಿಯೇ ಉತ್ತರವಿದೆ. ಈ ಸೈಕಲ್ಲು ಯಾವುದರ ಬದಲಿಗೆ ಓಡುವುದೆಂದು ಮೊದಲು ಮನೆಯವರೆಲ್ಲ ಕುಳಿತು ನಿಶ್ಚಯಿಸಿಕೊಳ್ಳಲಿ. ಅನಂತರ ಬ್ರೇಕು ಹಾಕಿಸಲಿ. ಮೋಟಾರಿಲ್ಲದೆಯೇ ಒಂದು ವಾರ ಓಡಿಸಿ, ಇಳಿಜಾರಿನಲ್ಲಿ, ಮಳೆಯಲ್ಲಿ ಅದು ನಿಲ್ಲುವ ಬಗೆಯನ್ನು ಪರೀಕ್ಷಿಸಲಿ. ಮೂರನೆಯದಾಗಿ ಬ್ಯಾಟರಿಯನ್ನು ವಿಚಾರಿಸಿ ಆರಿಸಲಿ; ಅದು ಬಳಸಿ ಮುಗಿದ ಮೇಲೆ ಮರುಸಂಸ್ಕರಣೆಗೆ ಎಲ್ಲಿ ಒಪ್ಪಿಸಬೇಕೆಂಬುದನ್ನು ಕೊಳ್ಳುವ ದಿನವೇ ತಿಳಿದುಕೊಳ್ಳಲಿ. ಕಟ್ಟಕಡೆಗೆ ಮೋಟಾರು ಬರಲಿ, ಬಂದ ದಿನವೇ ಅದರ ಮಿತಿಯನ್ನು ಕಟ್ಟಿ, ಕಟ್ಟಿದ ಸಂಖ್ಯೆಯನ್ನು ಮನೆಯವರಿಗೆ ತಿಳಿಸಲಿ. ನಾಲ್ವರು ಬಲ್ಲ ಮಿತಿಯನ್ನು ಮೀರುವುದು ಒಬ್ಬನೇ ಬಲ್ಲ ಮಿತಿಯನ್ನು ಮೀರುವುದಕ್ಕಿಂತ ಕಷ್ಟ. ನಮ್ಮ ಹಿರಿಯರು ವ್ರತವನ್ನು ಗುರುಗಳ ಎದುರಿನಲ್ಲಿ ಸ್ವೀಕರಿಸುತ್ತಿದ್ದುದರ ಒಂದು ವಿವೇಕ ಇದೂ ಹೌದು.

ಈ ಕ್ರಮ ಸೈಕಲ್ಲಿಗೆ ಮಾತ್ರ ಸಲ್ಲುವಂಥದಲ್ಲ. ಸಂಪತ್ತು, ಅಧಿಕಾರ, ವಿದ್ಯೆ ಯಾವುದೇ ಬಲ ಮನೆಗೆ ಬರುವ ಮುನ್ನ ಅದನ್ನು ತಡೆದು ನಿಲ್ಲಿಸುವ ಶಕ್ತಿ ಮನೆಯಲ್ಲಿದೆಯೇ ಎಂದು ನೋಡಿಕೊಳ್ಳುವುದು ಗೃಹಸ್ಥಧರ್ಮ. ದೊಡ್ಡ ವಿಷಯಗಳಲ್ಲಿ ಈ ಅಭ್ಯಾಸ ಒಮ್ಮೆಲೇ ಸಿದ್ಧಿಸದು. ಒಂದು ಸ್ಪ್ಯಾನರು, ಒಂದು ಬ್ರೇಕಿನ ತಂತಿ, ಗುಂಡಿಯೊತ್ತಿ ಬದಲಿಸಬಹುದಾದ ಒಂದು ಸಂಖ್ಯೆ, ಇಷ್ಟು ಸಣ್ಣ ವಸ್ತುಗಳ ನಡುವೆ ಅದನ್ನು ಕಲಿಯುವ ಅವಕಾಶ ದೊರಕಿದರೆ, ಆ ಸಣ್ಣತನವನ್ನು ಕಡೆಗಣಿಸದೆ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಯೋಣ.